ಕನ್ಸೋಲ್ ಪ್ರೋಗ್ರಾಂನಲ್ಲಿ ಕನ್ನಡ ಅಕ್ಷರಗಳು ಸರಿಯಾಗಿ ಮೂಡುತ್ತಿಲ್ಲ: ದೋಷವಿರುವುದು ಎಲ್ಲಿ?

ಪ್ರಶ್ನೆ

ನಮಸ್ಕಾರ. ಸಿ++ ಭಾಷೆಯಲ್ಲಿ ಒಂದು ಚಿಕ್ಕ ಪದಕೋಶದ ಪ್ರೋಗ್ರಾಂ ಬರೆಯುತ್ತಿದ್ದೇನೆ. ಬಳಕೆದಾರರು ಕನ್ಸೋಲ್‌ನಲ್ಲಿ (ಬರಿಯ ಪಠ್ಯದ ಕಮಾಂಡ್ ಕಿಟಕಿಯಲ್ಲಿ) ಪದವೊಂದನ್ನು ಟೈಪ್ ಮಾಡಿದರೆ ಪ್ರೋಗ್ರಾಂ ಒಂದು ಪಠ್ಯ ಕಡತದಲ್ಲಿ ಅದನ್ನು ಹುಡುಕಿ, ಎಡಗಡೆ ಪದವನ್ನೂ ಬಲಗಡೆ ಅರ್ಥವನ್ನೂ ಎರಡು ಕಾಲಮ್‌ಗಳಲ್ಲಿ ತೋರಿಸಬೇಕು. ಇಂಗ್ಲಿಷ್ ಪದಗಳಿಗೆ ಇದು ಸರಿಯಾಗಿ ನಡೆಯುತ್ತದೆ. ಕನ್ನಡ ಪದಗಳನ್ನು ಸೇರಿಸಿದ ಮೇಲೆ ಒಂದಾದ ಮೇಲೊಂದು ತೊಂದರೆ ಎದುರಾಗುತ್ತಿದೆ.

ಬಳಸುತ್ತಿರುವುದು ವಿಂಡೋಸ್ 10 ಮತ್ತು ವಿಷುಯಲ್ ಸ್ಟುಡಿಯೋ. ಪದಗಳ ಕಡತವನ್ನು ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಒಂದು ಕ್ರಮ) ರೂಪದಲ್ಲಿ ಉಳಿಸಿದ್ದೇನೆ. ಮೊದಲ ಬಾರಿ ಓಡಿಸಿದಾಗ ಪ್ರತಿಯೊಂದು ಕನ್ನಡ ಅಕ್ಷರದ ಜಾಗದಲ್ಲಿಯೂ ಮೂರು ಮೂರು ವಿಚಿತ್ರ ಚಿಹ್ನೆಗಳು ಬಂದವು: ಗ್ರೀಕ್ ಆಲ್ಫಾ, ಅದರ ಪಕ್ಕ ಒಂದು ಮಬ್ಬು ಚೌಕ, ಆಮೇಲೆ ತಲೆಯ ಮೇಲೆ ಗೀಟಿರುವ ಒಂದು ರೋಮನ್ ಅಕ್ಷರ. ಎಲ್ಲೋ ಓದಿದ ಸಲಹೆಯಂತೆ ಸಿಎಚ್‌ಸಿಪಿ 65001 ಎಂಬ ಕಮಾಂಡ್ ಕೊಟ್ಟ ಬಳಿಕ ಆ ಚಿಹ್ನೆಗಳು ಹೋಗಿ ಖಾಲಿ ಚೌಕಗಳು ಬಂದವು. ಆ ಚೌಕಗಳನ್ನೇ ನಕಲಿಸಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿದರೆ ಶುದ್ಧ ಕನ್ನಡ ಕಾಣಿಸುತ್ತದೆ! ಇದೇ ಪ್ರೋಗ್ರಾಮನ್ನು ವಿಂಡೋಸ್ ಟರ್ಮಿನಲ್‌ನಲ್ಲಿ ಓಡಿಸಿದರೆ ಅಕ್ಷರಗಳು ಮೂಡುತ್ತವೆ, ಆದರೆ ಕಾಲಮ್‌ಗಳು ಸಾಲಾಗಿ ನಿಲ್ಲುವುದಿಲ್ಲ. ಇದರ ಜೊತೆಗೆ, ಕನ್ನಡದಲ್ಲಿ ಟೈಪ್ ಮಾಡಿದ ಪದ ಪ್ರೋಗ್ರಾಂಗೆ ಖಾಲಿಯಾಗಿಯೇ ತಲುಪುತ್ತಿದೆ.

ಇಡೀ ಗಣಕದ ಭಾಷಾ ವ್ಯವಸ್ಥೆಯನ್ನು ಯುಟಿಎಫ್-8ಕ್ಕೆ ಬದಲಾಯಿಸುವ ಪ್ರಾಯೋಗಿಕ ಆಯ್ಕೆಯೊಂದು ವಿಂಡೋಸ್‌ನಲ್ಲಿದೆ ಎಂದು ಸ್ನೇಹಿತರೊಬ್ಬರು ತಿಳಿಸಿದರು. ಅದನ್ನು ಬಳಸಬಹುದೇ? ದೋಷ ನನ್ನ ಪ್ರೋಗ್ರಾಂನಲ್ಲಿದೆಯೋ, ಕನ್ಸೋಲ್‌ನಲ್ಲಿದೆಯೋ, ಫಾಂಟ್‌ನಲ್ಲಿದೆಯೋ ಎಂಬುದನ್ನು ಕಂಡುಕೊಳ್ಳುವ ಬಗೆ ಹೇಗೆ?

ಉತ್ತರ 1

ನೀವು ಕಂಡದ್ದನ್ನು ಇಷ್ಟು ವಿವರವಾಗಿ ಬರೆದಿರುವುದರಿಂದ ಕೆಲಸ ಹಗುರವಾಯಿತು. ಕನ್ಸೋಲ್‌ನಲ್ಲಿ ಅಕ್ಷರವೊಂದು ಕಾಣಿಸಿಕೊಳ್ಳುವ ಮುನ್ನ ಮೂರು ಹಂತಗಳನ್ನು ದಾಟಿರುತ್ತದೆ. ಪ್ರೋಗ್ರಾಂ ಕೆಲವು ಬೈಟ್‌ಗಳನ್ನು ಹೊರಗೆ ಕಳುಹಿಸುತ್ತದೆ; ಕನ್ಸೋಲ್ ಆ ಬೈಟ್‌ಗಳನ್ನು ತನಗೆ ಗೊತ್ತುಪಡಿಸಿರುವ ಕೋಡ್ ಪೇಜ್‌ನ (ಯಾವ ಬೈಟ್‌ಗೆ ಯಾವ ಅಕ್ಷರ ಎಂಬ ಪಟ್ಟಿಯ) ಪ್ರಕಾರ ಅಕ್ಷರಗಳೆಂದು ಓದಿಕೊಳ್ಳುತ್ತದೆ; ಕೊನೆಗೆ ಫಾಂಟ್ ಮತ್ತು ಅಕ್ಷರಜೋಡಣೆಯ ತಂತ್ರಾಂಶ ಸೇರಿ ಅವುಗಳಿಗೆ ಆಕಾರ ಕೊಡುತ್ತವೆ. ಈ ಮೂರರಲ್ಲಿ ಎಲ್ಲಿ ತಪ್ಪಿದೆ ಎಂದು ತಿಳಿಯದೆ ಸಿಕ್ಕಿದ ಸೆಟ್ಟಿಂಗ್‌ಗಳನ್ನೆಲ್ಲ ಬದಲಾಯಿಸುತ್ತ ಹೋದರೆ ಒಂದು ದೋಷವನ್ನು ಇನ್ನೊಂದು ದೋಷ ಮುಚ್ಚಿಬಿಡುವ ಅಪಾಯವಿದೆ.

ನಿಮ್ಮ ಮೊದಲ ಲಕ್ಷಣವನ್ನೇ ನೋಡೋಣ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳು, ಹೆಕ್ಸ್ (ಹದಿನಾರರ ಆಧಾರದ) ಸಂಖ್ಯೆಗಳಲ್ಲಿ, 0ಸಿ80ರಿಂದ 0ಸಿಎಫ್‌ಎಫ್‌ವರೆಗೆ ಇವೆ. ಇದರಲ್ಲಿ ‘ಕ’ ಎಂಬುದು 0ಸಿ95. ಯುಟಿಎಫ್-8ರಲ್ಲಿ ಅದು ಇ0, ಬಿ2, 95 ಎಂಬ ಮೂರು ಬೈಟ್‌ಗಳಾಗುತ್ತದೆ. 1981ರ ಐಬಿಎಂ ಪಿಸಿಯ ಕಾಲದಿಂದ ಉಳಿದುಬಂದಿರುವ 437ನೆಯ ಕೋಡ್ ಪೇಜ್‌ನಲ್ಲಿ ಇ0 ಎಂದರೆ ಆಲ್ಫಾ, ಬಿ2 ಎಂದರೆ ಮಬ್ಬು ಚೌಕ, 95 ಎಂದರೆ ಮೇಲೆ ಗೀಟಿರುವ ಓ. ನೀವು ಕಂಡದ್ದು ಅಕ್ಷರಶಃ ಇದೇ. ಕನ್ನಡದ ಎಲ್ಲ ಅಕ್ಷರಗಳಿಗೂ ಮೊದಲ ಬೈಟ್ ಇ0 ಆಗಿದ್ದು, ಎರಡನೆಯದು ಬಿ2 ಅಥವಾ ಬಿ3 ಆಗಿರುವುದರಿಂದ, ಆಲ್ಫಾದ ಪಕ್ಕ ಮಬ್ಬು ಚೌಕವಾಗಲಿ ಒಂದು ಲಂಬ ಗೆರೆಯಾಗಲಿ ಸಾಲುಸಾಲಾಗಿ ಬರುತ್ತಿದ್ದರೆ ಯುಟಿಎಫ್-8 ಕನ್ನಡವನ್ನು 437 ಎಂದು ಓದಲಾಗುತ್ತಿದೆ ಎಂದು ಕಣ್ಣಿಂದಲೇ ಹೇಳಬಹುದು. ಅಂದರೆ ನಿಮ್ಮ ಪ್ರೋಗ್ರಾಂ ಕಳುಹಿಸುತ್ತಿದ್ದ ಬೈಟ್‌ಗಳು ಆಗಲೇ ಸರಿಯಾಗಿದ್ದವು. ಓದುವ ಕಡೆ ಮಾತ್ರ ತಪ್ಪಿತ್ತು. 65001 ಎಂಬುದು ಯುಟಿಎಫ್-8ರ ಕೋಡ್ ಪೇಜ್ ಸಂಖ್ಯೆ; ಸಿಎಚ್‌ಸಿಪಿ 65001 ಸರಿಪಡಿಸಿದ್ದು ಅದನ್ನು.

ಆಮೇಲೆ ಬಂದ ಖಾಲಿ ಚೌಕಗಳದ್ದು ಬೇರೆಯೇ ಸಂಗತಿ. ನಕಲಿಸಿ ಬೇರೆಡೆ ಅಂಟಿಸಿದಾಗ ಶುದ್ಧ ಕನ್ನಡ ಬರುತ್ತಿದೆ ಎಂದ ಮೇಲೆ ಕನ್ಸೋಲ್‌ನ ಒಳಗೆ ಅಕ್ಷರಗಳು ಕ್ಷೇಮವಾಗಿವೆ. ಆಯ್ದ ಫಾಂಟ್‌ನಲ್ಲಿ ಅವುಗಳ ಆಕಾರ ಇಲ್ಲ. ಕನ್ಸೋಲಾಸ್‌ನಲ್ಲಾಗಲಿ ಲೂಸಿಡಾ ಕನ್ಸೋಲ್‌ನಲ್ಲಾಗಲಿ ಕನ್ನಡ ಇಲ್ಲ. ನಿಜವಾಗಿ ಹೆದರಬೇಕಾದದ್ದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡಾಗ. ಅಕ್ಷರವನ್ನು ಹಿಡಿಸಲಾರದ ಯಾವುದೋ ಸಂಕೇತಕ್ಕೆ ಪಠ್ಯವನ್ನು ಪರಿವರ್ತಿಸುವಾಗ ಮೂಲ ಅಕ್ಷರ ಕಳೆದುಹೋಗಿ ಅದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕೂತಿರುತ್ತದೆ, ಆಮೇಲೆ ಯಾವ ಫಾಂಟ್ ಹಾಕಿದರೂ ಅದು ಮರಳುವುದಿಲ್ಲ.

ಸಂದೇಹ ಬಂದಾಗಲೆಲ್ಲ ಪ್ರೋಗ್ರಾಂನ ಔಟ್‌ಪುಟ್ ಅನ್ನು ಒಂದು ಕಡತಕ್ಕೆ ತಿರುಗಿಸಿ, ಬೈಟ್‌ಗಳನ್ನು ಹೆಕ್ಸ್ ರೂಪದಲ್ಲಿ ತೋರಿಸುವ ಎಡಿಟರ್‌ನಲ್ಲಿ ಅದನ್ನು ತೆರೆದು ನೋಡಿರಿ. ಈ ಪರೀಕ್ಷೆಯನ್ನು ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿಯೇ ಮಾಡುವುದು ಒಳಿತು. ವಿಂಡೋಸ್ ಪವರ್‌ಶೆಲ್ 5.1 ಪ್ರೋಗ್ರಾಂನ ಔಟ್‌ಪುಟ್ ಅನ್ನು ತಾನೇ ಓದಿ, ಯುಟಿಎಫ್-16 ಎಂಬ ಇನ್ನೊಂದು ಯೂನಿಕೋಡ್ ರೂಪಕ್ಕೆ ಬದಲಾಯಿಸಿ ಕಡತಕ್ಕೆ ಬರೆಯುವುದರಿಂದ ಅಲ್ಲಿ ನಿಮಗೆ ಕಾಣುವ ಬೈಟ್‌ಗಳು ನಿಮ್ಮ ಪ್ರೋಗ್ರಾಂನದ್ದಾಗಿರುವುದಿಲ್ಲ.

ಉತ್ತರ 2

ಮೇಲಿನ ಉತ್ತರದ ರೋಗಪರೀಕ್ಷೆ ಸರಿಯಾಗಿದೆ. ಪ್ರೋಗ್ರಾಂನಲ್ಲಿ ಏನು ಬರೆಯಬೇಕು ಎಂಬುದನ್ನು ನಾನು ಸೇರಿಸುತ್ತೇನೆ.

ಬಳಕೆದಾರರೇ ಸಿಎಚ್‌ಸಿಪಿ ಕಮಾಂಡ್ ಕೊಟ್ಟುಕೊಳ್ಳಲಿ ಎಂದು ನಿರೀಕ್ಷಿಸುವುದು ತರವಲ್ಲ. ಪ್ರೋಗ್ರಾಂನ ಆರಂಭದಲ್ಲಿ ಸೆಟ್‌ಕನ್ಸೋಲ್‌ಔಟ್‌ಪುಟ್‌ಸಿಪಿ ಎಂಬ ವಿಂಡೋಸ್ ಫಂಕ್ಷನ್‌ಗೆ 65001 ಕೊಟ್ಟರೆ ಅದೇ ಪರಿಣಾಮ ದೊರೆಯುತ್ತದೆ. ಆದರೆ ಕೋಡ್ ಪೇಜ್ ಎಂಬುದು ನಿಮ್ಮ ಪ್ರೋಗ್ರಾಂನ ಸ್ವತ್ತಲ್ಲ, ಆ ಕನ್ಸೋಲ್‌ನದ್ದು. ನಿಮ್ಮ ಪ್ರೋಗ್ರಾಂ ಮುಗಿದ ಮೇಲೂ ಅದು ಹಾಗೆಯೇ ಉಳಿದು, ಅಲ್ಲೇ ಮುಂದೆ ಓಡುವ ಹಳೆಯ ಪ್ರೋಗ್ರಾಂಗಳ ಔಟ್‌ಪುಟ್ ಕೆಡಬಹುದು. ಆದ್ದರಿಂದ ಮೊದಲಿದ್ದ ಸಂಖ್ಯೆಯನ್ನು ಓದಿಟ್ಟುಕೊಂಡು, ಹೊರಡುವಾಗ ಅದನ್ನೇ ಮರಳಿ ಇಡಬೇಕು. ವಿಷುಯಲ್ ಸ್ಟುಡಿಯೋದ ಲೈಬ್ರರಿಯಲ್ಲಿ ಇನ್ನೊಂದು ತೊಡಕಿದೆ: ಕೌಟ್ ಮೂಲಕ ಬರೆದ ಪಠ್ಯ ಬಫರ್ (ಪಠ್ಯವನ್ನು ಕೂಡಿಸಿಟ್ಟು ಒಟ್ಟಿಗೆ ಕಳುಹಿಸುವ ತಾತ್ಕಾಲಿಕ ಜಾಗ) ಇಲ್ಲದೆ ಬೈಟ್ ಬೈಟಾಗಿ ಕನ್ಸೋಲ್ ತಲುಪಿದರೆ ಮೂರು ಬೈಟ್‌ಗಳ ಅಕ್ಷರ ಒಡೆದುಹೋಗುತ್ತದೆ. ಸೆಟ್‌ವಿಬಫ್ ಫಂಕ್ಷನ್ ಬಳಸಿ ಔಟ್‌ಪುಟ್‌ಗೆ ಒಂದು ಬಫರ್ ಒದಗಿಸಿ, ಸಾಲು ಮುಗಿದಾಗ ಫ್ಲಶ್ ಮಾಡಿದರೆ ಇದು ನಿಲ್ಲುತ್ತದೆ.

ನನ್ನ ಒಲವು ಮಾತ್ರ ಕೋಡ್ ಪೇಜ್‌ಗೆ ಕೈಹಾಕದ ಇನ್ನೊಂದು ದಾರಿಯ ಕಡೆಗಿದೆ. ರೈಟ್‌ಕನ್ಸೋಲ್‌ಡಬ್ಲ್ಯೂ ಎಂಬ ಫಂಕ್ಷನ್ ಯುಟಿಎಫ್-16 ಪಠ್ಯವನ್ನು ನೇರವಾಗಿ ಕನ್ಸೋಲ್‌ಗೆ ಕೊಡುತ್ತದೆ. ಅಲ್ಲಿ ಯಾವ ಕೋಡ್ ಪೇಜ್‌ನ ಪಾತ್ರವೂ ಇಲ್ಲ. ಪ್ರೋಗ್ರಾಂನೊಳಗೆ ಎಲ್ಲವನ್ನೂ ಯುಟಿಎಫ್-8ರಲ್ಲಿಯೇ ಇಟ್ಟುಕೊಂಡು, ಬರೆಯುವ ಗಳಿಗೆಯಲ್ಲಿ ಮಾತ್ರ ಮಲ್ಟಿಬೈಟ್‌ಟುವೈಡ್‌ಚಾರ್ ಮೂಲಕ ಪರಿವರ್ತಿಸಿದರೆ ಸಾಕು. ಆದರೆ ಈ ಫಂಕ್ಷನ್ ನಿಜವಾದ ಕನ್ಸೋಲ್‌ಗೆ ಮಾತ್ರ ಬರೆಯಬಲ್ಲದು. ಔಟ್‌ಪುಟ್ ಅನ್ನು ಯಾರಾದರೂ ಕಡತಕ್ಕೋ ಪೈಪ್‌ಗೋ ತಿರುಗಿಸಿದ್ದರೆ ಅದು ವಿಫಲವಾಗುತ್ತದೆ. ಹಾಗಾಗಿ ಗೆಟ್‌ಕನ್ಸೋಲ್‌ಮೋಡ್ ಅನ್ನು ಕರೆದು ನೋಡಿ, ಅದು ಯಶಸ್ವಿಯಾದರೆ ಈ ದಾರಿ, ಇಲ್ಲವಾದರೆ ಯುಟಿಎಫ್-8 ಬೈಟ್‌ಗಳನ್ನು ಇದ್ದಂತೆಯೇ ಬರೆಯುವ ದಾರಿ ಎಂದು ಕವಲೊಡೆಸಬೇಕು. ಪೈಥಾನ್ 3.6ರಿಂದ ಈಚೆಗೆ ವಿಂಡೋಸ್ ಕನ್ಸೋಲ್‌ಗೆ ಬರೆಯುವುದು ಇದೇ ವಿಧಾನದಿಂದ.

ಟೈಪ್ ಮಾಡಿದ ಪದ ಖಾಲಿಯಾಗಿ ಬರುವುದಕ್ಕೂ ಮದ್ದು ಇಲ್ಲಿಯೇ ಇದೆ. ಹಳೆಯ ವಿಂಡೋಸ್ ಕನ್ಸೋಲ್‌ನಲ್ಲಿ ಇನ್‌ಪುಟ್ ಕೋಡ್ ಪೇಜ್ ಅನ್ನು 65001ಕ್ಕೆ ಇಟ್ಟು ಸಾಮಾನ್ಯ ರೀತಿಯಲ್ಲಿ ಓದಿದರೆ ಆಸ್ಕಿಯಲ್ಲದ (ಮೂಲ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಲ್ಲದ) ಅಕ್ಷರಗಳ ಜಾಗದಲ್ಲಿ ಸೊನ್ನೆ ಬೈಟ್‌ಗಳು ಬರುತ್ತವೆ, ಸಿ ಭಾಷೆಯ ಫಂಕ್ಷನ್‌ಗಳು ಸೊನ್ನೆಯನ್ನು ಪದದ ಕೊನೆ ಎಂದು ತಿಳಿಯುತ್ತವೆ. ಔಟ್‌ಪುಟ್ ಸರಿಹೋದ ಮೇಲೂ ಈ ದೋಷ ಉಳಿದುಕೊಳ್ಳುವುದರಿಂದ ಬಹಳ ಜನ ತಮ್ಮ ಹುಡುಕಾಟದ ತರ್ಕವನ್ನೇ ಶಂಕಿಸುತ್ತ ಕೂರುತ್ತಾರೆ. ರೀಡ್‌ಕನ್ಸೋಲ್‌ಡಬ್ಲ್ಯೂ ಬಳಸಿ ಯುಟಿಎಫ್-16 ಆಗಿ ಓದಿ, ಬಳಿಕ ಯುಟಿಎಫ್-8ಕ್ಕೆ ಪರಿವರ್ತಿಸಿಕೊಳ್ಳಿರಿ.

ಇಡೀ ಗಣಕವನ್ನು ಯುಟಿಎಫ್-8ಕ್ಕೆ ಬದಲಾಯಿಸುವ ಆಯ್ಕೆಯನ್ನು ಇದಕ್ಕಾಗಿ ಮುಟ್ಟಬೇಡಿ. ನಿಮ್ಮ ಗಣಕದಲ್ಲಿ ಅದು ಕೆಲಸ ಮಾಡಿದರೂ ನಿಮ್ಮ ಪ್ರೋಗ್ರಾಂ ಪಡೆದವರ ಗಣಕದಲ್ಲಿ ಅದು ಇರುವುದಿಲ್ಲ. ಮೇಲಾಗಿ ಹಳೆಯ ಕೋಡ್ ಪೇಜ್‌ಗಳನ್ನು ನಂಬಿಕೊಂಡ ತಂತ್ರಾಂಶಗಳು ಅದರಿಂದ ಕೆಡುತ್ತವೆ. ವಿಂಡೋಸ್ 10ರ 1903ನೆಯ ಆವೃತ್ತಿಯಿಂದ ಪ್ರೋಗ್ರಾಂನ ಮ್ಯಾನಿಫೆಸ್ಟ್‌ನಲ್ಲಿ (ಅದರ ಬಗ್ಗೆ ವಿಂಡೋಸ್‌ಗೆ ತಿಳಿಸುವ ವಿವರಗಳ ಪಟ್ಟಿಯಲ್ಲಿ) ಆ್ಯಕ್ಟಿವ್‌ಕೋಡ್‌ಪೇಜ್ ಎಂದು ಸೂಚಿಸಿ, ಆ ಒಂದು ಪ್ರೋಗ್ರಾಂಗೆ ಮಾತ್ರ ಯುಟಿಎಫ್-8 ಗೊತ್ತುಪಡಿಸಬಹುದು. ಅದು ಕಡತದ ಹೆಸರುಗಳಂಥ ಕೆಲಸಕ್ಕೆ ಉಪಯುಕ್ತ. ಕನ್ಸೋಲ್‌ನ ಕೋಡ್ ಪೇಜ್ ಮಾತ್ರ ಅದರಿಂದ ಬದಲಾಗುವುದಿಲ್ಲ.

ಶೀರ್ಷಿಕೆ, ಸೂಚನೆಗಳಂಥ ಕನ್ನಡ ಸಾಲುಗಳನ್ನು ಸೋರ್ಸ್ ಕಡತದಲ್ಲಿಯೇ ಬರೆದಿದ್ದರೆ ಕಂಪೈಲರ್‌ಗೆ ಯುಟಿಎಫ್-8 ಎಂಬ ಸೂಚನೆ ಕೊಡುವುದನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ರೀಡ್‌ಕನ್ಸೋಲ್‌ಡಬ್ಲ್ಯೂ ಮತ್ತು ರೈಟ್‌ಕನ್ಸೋಲ್‌ಡಬ್ಲ್ಯೂ ಬಳಸಿದ ಮೇಲೆ ಟೈಪ್ ಮಾಡಿದ ಪದವೂ ತಲುಪುತ್ತಿದೆ, ವಿಂಡೋಸ್ ಟರ್ಮಿನಲ್‌ನಲ್ಲಿ ಅಕ್ಷರಗಳೂ ಮೂಡುತ್ತಿವೆ. ಎರಡು ಸಂಗತಿಗಳು ಉಳಿದಿವೆ. ಮೊದಲನೆಯದು ಕಾಲಮ್‌ಗಳದ್ದು: ಪದಕ್ಕೆ 20 ಸ್ಥಾನಗಳ ಅಗಲ ಬಿಡಲು ಸೆಟ್‌ಡಬ್ಲ್ಯೂ ಬಳಸಿದ್ದೇನೆ, ಆದರೂ ಒಂದೊಂದು ಸಾಲಿನ ಅರ್ಥ ಒಂದೊಂದು ಕಡೆಯಿಂದ ಆರಂಭವಾಗುತ್ತದೆ. ಎರಡನೆಯದು ಇನ್ನೂ ವಿಚಿತ್ರ. ಕಡತದ ಮೊದಲ ಪದವನ್ನು ಹುಡುಕಿದರೆ ಎಂದೂ ಸಿಗುವುದಿಲ್ಲ. ಉಳಿದವು ಬಹುತೇಕ ಸಿಗುತ್ತವೆ, ಆದರೆ ‘ಸಾಫ್ಟ್‌ವೇರ್’ನಂಥ ಕೆಲವು ಪದಗಳು ಕಡತದಲ್ಲಿ ಕಣ್ಣಿಗೆ ಕಾಣುತ್ತಿದ್ದರೂ ಪ್ರೋಗ್ರಾಂಗೆ ದೊರೆಯುವುದಿಲ್ಲ.

ಉತ್ತರ 3

ಕಾಲಮ್‌ಗಳ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇದು ಕೋಡ್ ಪೇಜ್‌ಗಿಂತ ಆಳವಾದ ತೊಡಕು, ಪೂರ್ತಿ ಪರಿಹಾರ ಇಂದಿಗೂ ಇಲ್ಲ.

‘ಕನ್ನಡ’ ಎಂಬ ಪದವನ್ನೇ ಎಣಿಸೋಣ. ಓದುವವರಿಗೆ ಅದು ಮೂರು ಅಕ್ಷರ. ಯೂನಿಕೋಡ್‌ಗೆ ಐದು: ಕ, ನ, ವಿರಾಮ ಚಿಹ್ನೆ (ವ್ಯಂಜನದ ಅಕಾರವನ್ನು ತೆಗೆಯುವ ಹಲಂತದ ಗುರುತು), ನ, ಡ. ಯುಟಿಎಫ್-8ರಲ್ಲಿ ಹದಿನೈದು ಬೈಟ್‌ಗಳು. ಸೆಟ್‌ಡಬ್ಲ್ಯೂ ಎಣಿಸುವುದು ಬೈಟ್‌ಗಳನ್ನು. ನೀವು 20 ಎಂದರೆ ಅದು ಹದಿನೈದನ್ನು ಕಳೆದು ಐದೇ ಖಾಲಿ ಜಾಗ ಸೇರಿಸುತ್ತದೆ, ಹತ್ತು ಬೈಟ್‌ಗಳ ಇಂಗ್ಲಿಷ್ ಪದಕ್ಕೆ ಹತ್ತು ಸೇರಿಸುತ್ತದೆ. ಯುಟಿಎಫ್-16 ಸ್ಟ್ರಿಂಗ್‌ಗೆ ಬದಲಾಯಿಸಿಕೊಂಡರೆ ಎಣಿಕೆ ಐದಕ್ಕೆ ಇಳಿಯುತ್ತದೆ, ತಪ್ಪು ಕಡಿಮೆಯಾಗುತ್ತದೆ, ಹೋಗುವುದಿಲ್ಲ.

ಬೇಕಾಗಿರುವುದು ಪದವು ಟರ್ಮಿನಲ್‌ನಲ್ಲಿ ಎಷ್ಟು ಕೋಶಗಳನ್ನು ಆಕ್ರಮಿಸುತ್ತದೆ ಎಂಬ ಲೆಕ್ಕ. ಟರ್ಮಿನಲ್ ಎಂಬುದು ಸಮಾನ ಅಗಲದ ಕೋಶಗಳ ಜಾಲ. 1978ರ ವಿಟಿ100 ಟರ್ಮಿನಲ್‌ನ 80 ಕಾಲಮ್, 24 ಸಾಲುಗಳ ಕಲ್ಪನೆಯೇ ಇಂದಿನವರೆಗೂ ನಡೆದುಬಂದಿದೆ. ಒಂದು ಸಂಕೇತಕ್ಕೆ ಎಷ್ಟು ಕೋಶ ಎಂದು ಹೇಳಲು ಯುನಿಕ್ಸ್ ಪರಂಪರೆಯಲ್ಲಿ ಡಬ್ಲ್ಯೂಸಿವಿಡ್ತ್ ಎಂಬ ಫಂಕ್ಷನ್ ಇದೆ, ಆದರೆ ಅದರ ಉತ್ತರ ಅನುಷ್ಠಾನದಿಂದ ಅನುಷ್ಠಾನಕ್ಕೆ ಬೇರೆಯಾಗುತ್ತದೆ. ಕನ್ನಡದ ಮಟ್ಟಿಗೆ ಇದರಲ್ಲೊಂದು ಸೋಜಿಗವಿದೆ. ಗುಣಿತದ ಚಿಹ್ನೆಗಳಲ್ಲಿ ಇಕಾರ, ಎಕಾರ, ಔಕಾರಗಳನ್ನು ಯೂನಿಕೋಡ್ ಜಾಗ ತೆಗೆದುಕೊಳ್ಳದ ಚಿಹ್ನೆಗಳೆಂದೂ ಆಕಾರ, ಉಕಾರಗಳನ್ನು ಜಾಗ ತೆಗೆದುಕೊಳ್ಳುವ ಚಿಹ್ನೆಗಳೆಂದೂ ವರ್ಗೀಕರಿಸಿದೆ. ಈ ವರ್ಗೀಕರಣವನ್ನೇ ನಂಬಿದ ಅನುಷ್ಠಾನದಲ್ಲಿ ‘ಕಿ’ಗೆ ಒಂದು ಕೋಶ, ‘ಕಾ’ಗೆ ಎರಡು! ಅದೇ ಲೆಕ್ಕದಲ್ಲಿ ‘ಕನ್ನಡ’ಕ್ಕೆ ನಾಲ್ಕು, ಏಕೆಂದರೆ ವಿರಾಮ ಚಿಹ್ನೆಗೆ ಸೊನ್ನೆ, ಒತ್ತಾಗಿ ಕೆಳಗಿಳಿಯುವ ಎರಡನೆಯ ‘ನ’ಕ್ಕೂ ಒಂದು ಕೋಶ.

ಇಡೀ ಅಕ್ಷರವನ್ನು ಒಂದು ಘಟಕವಾಗಿ ಎಣಿಸುವ ಗ್ರಾಫೀಮ್ ಕ್ಲಸ್ಟರ್ ನಿಯಮಗಳು ಯೂನಿಕೋಡ್‌ನಲ್ಲಿ ಇವೆ, ವಿಂಡೋಸ್ ಟರ್ಮಿನಲ್‌ಗೂ 1.22ನೆಯ ಆವೃತ್ತಿಯಲ್ಲಿ ಅವುಗಳ ಬೆಂಬಲ ಬಂದಿದೆ. ಆದರೆ ಸಂಯುಕ್ತಾಕ್ಷರವನ್ನು ಒಡೆಯದಿರುವ ನಿಯಮ 2023ರ ಯೂನಿಕೋಡ್ 15.1ರಲ್ಲಿ ಸೇರಿದಾಗ ದೇವನಾಗರಿ, ಬಂಗಾಳಿ, ತೆಲುಗು, ಮಲಯಾಳಂನಂಥ ಕೆಲವು ಲಿಪಿಗಳಿಗೆ ಅನ್ವಯವಾಯಿತೇ ಹೊರತು ಕನ್ನಡದ ವಿರಾಮ ಚಿಹ್ನೆ ಆ ಪಟ್ಟಿಯಲ್ಲಿರಲಿಲ್ಲ. ಹೀಗಾಗಿ ‘ನ್ನ’ ಎಂಬುದು ಆ ನಿಯಮದ ಕಣ್ಣಿಗೆ ಎರಡು ಘಟಕ. ಇದರ ಮೇಲೆ, ಫಾಂಟ್‌ಗಳ ಮಾತು ಬೇರೆ: ನಿರ್ಮಲಾ ಯುಐ, ತುಂಗಾ, ನೋಟೋ ಸ್ಯಾನ್ಸ್ ಕನ್ನಡ ಇವೆಲ್ಲವೂ ಅಕ್ಷರದಿಂದ ಅಕ್ಷರಕ್ಕೆ ಅಗಲ ಬದಲಾಗುವ ಫಾಂಟ್‌ಗಳು. ‘ರ’ ಮತ್ತು ‘ಮೌ’ ಎರಡನ್ನೂ ಸಮಾನ ಅಗಲದ ಕೋಶಗಳಲ್ಲಿ ಚೆಂದವಾಗಿ ಕೂರಿಸುವುದು ಲಿಪಿಯ ಸ್ವಭಾವಕ್ಕೇ ಒಗ್ಗದ ಕೆಲಸ, ಬಲವಂತ ಮಾಡಿದ ಟರ್ಮಿನಲ್‌ಗಳಲ್ಲಿ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಿರುವುದನ್ನು ನೋಡಬಹುದು.

ಆದ್ದರಿಂದ ಅಗಲವನ್ನು ನೀವು ಲೆಕ್ಕ ಹಾಕುವುದನ್ನೇ ಬಿಟ್ಟುಬಿಡಿ ಎಂಬುದು ನನ್ನ ಸಲಹೆ. ಪದವನ್ನು ಬರೆದ ಮೇಲೆ ಕರ್ಸರ್ ಅನ್ನು ಇಂತಿಷ್ಟನೆಯ ಕಾಲಮ್‌ಗೆ ಒಯ್ಯಬೇಕೆಂದು ಟರ್ಮಿನಲ್‌ಗೇ ಹೇಳಬಹುದು: ಎಸ್ಕೇಪ್ ಅಕ್ಷರ, ಎಡ ಚೌಕ ಆವರಣ, 30, ದೊಡ್ಡಕ್ಷರದ ಜಿ ಇವನ್ನು ಒತ್ತೊತ್ತಾಗಿ ಕಳುಹಿಸಿದರೆ ಮುಂದಿನ ಪಠ್ಯ 30ನೆಯ ಕಾಲಮ್‌ನಿಂದಲೇ ಆರಂಭವಾಗುತ್ತದೆ, ಹಿಂದಿನ ಪದಕ್ಕೆ ಟರ್ಮಿನಲ್ ಎಷ್ಟು ಕೋಶ ಎಣಿಸಿತ್ತು ಎಂಬುದು ಅಪ್ರಸ್ತುತವಾಗುತ್ತದೆ. ವಿಂಡೋಸ್‌ನ ಹಳೆಯ ಕನ್ಸೋಲ್‌ನಲ್ಲಿ ಇದಕ್ಕೆ ಮುನ್ನ ವರ್ಚುವಲ್ ಟರ್ಮಿನಲ್ ಸಂಸ್ಕರಣೆಯನ್ನು ಸೆಟ್‌ಕನ್ಸೋಲ್‌ಮೋಡ್ ಮೂಲಕ ಚಾಲೂ ಮಾಡಬೇಕು. ಔಟ್‌ಪುಟ್ ಕಡತಕ್ಕೆ ಹೋಗುತ್ತಿದ್ದರೆ ಈ ಸಂಕೇತಗಳ ಬದಲು ಒಂದು ಟ್ಯಾಬ್ ಹಾಕಿರಿ. ಇಷ್ಟೂ ಬೇಡವೆಂದರೆ ಪದವನ್ನು ಒಂದು ಸಾಲಿನಲ್ಲಿ, ಅರ್ಥವನ್ನು ಅದರ ಕೆಳಗಿನ ಸಾಲಿನಲ್ಲಿ ನಾಲ್ಕು ಸ್ಥಾನ ಒಳಗೆ ಸರಿಸಿ ಬರೆಯಬಹುದು. ಮುದ್ರಿತ ನಿಘಂಟುಗಳೂ ಸಾಮಾನ್ಯವಾಗಿ ಪದಕ್ಕೊಂದು, ಅರ್ಥಕ್ಕೊಂದು ಎಂದು ಕಾಲಮ್ ಕಟ್ಟುವುದಿಲ್ಲವಷ್ಟೇ.

ಉತ್ತರ 4

ಲಿನಕ್ಸ್‌ನಲ್ಲಿ ಇದೇ ಪ್ರೋಗ್ರಾಂ ಓಡಿಸಲು ಹೊರಟವರಿಗೆ ಒಂದು ಮಾತು. ಅಲ್ಲಿ ಟರ್ಮಿನಲ್ ಮತ್ತು ಲೊಕೇಲ್ (ಭಾಷೆಯ ಸೆಟ್ಟಿಂಗ್) ಎರಡೂ ಸಾಮಾನ್ಯವಾಗಿ ಯುಟಿಎಫ್-8 ಆಗಿರುವುದರಿಂದ ಮೊದಲೆರಡು ಹಂತಗಳ ತೊಂದರೆ ವಿರಳ, ಆದರೆ ವೈಡ್ ಅಕ್ಷರಗಳ ಫಂಕ್ಷನ್ ಬಳಸುವುದಾದರೆ ಆರಂಭದಲ್ಲಿ ಸೆಟ್‌ಲೊಕೇಲ್ ಕರೆಯಲೇಬೇಕು. ಚಿತ್ರಾತ್ಮಕ ಪರಿಸರವಿಲ್ಲದ ಬರಿಯ ಲಿನಕ್ಸ್ ಕನ್ಸೋಲ್‌ನಲ್ಲಿ ಮಾತ್ರ ಕನ್ನಡವನ್ನು ನಿರೀಕ್ಷಿಸಬೇಡಿ. ಅದರ ಫಾಂಟ್‌ನಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗವಿದ್ದು, ಒತ್ತಕ್ಷರಗಳನ್ನು ಜೋಡಿಸುವ ವ್ಯವಸ್ಥೆಯೇ ಅಲ್ಲಿಲ್ಲ. ಚಿತ್ರಾತ್ಮಕ ಟರ್ಮಿನಲ್‌ಗಳಲ್ಲಿ ಎಂಎಲ್‌ಟರ್ಮ್ ಭಾರತೀಯ ಲಿಪಿಗಳ ಜೋಡಣೆಯನ್ನು ಬೆಂಬಲಿಸುತ್ತದೆ.

ಪೈಥಾನ್ ಬಳಸುವವರು ಗಮನಿಸಬೇಕಾದದ್ದು: ವಿಂಡೋಸ್ ಕನ್ಸೋಲ್‌ನಲ್ಲಿ ಸರಿಯಾಗಿ ಮೂಡಿದ ಕನ್ನಡ, ಔಟ್‌ಪುಟ್ ಅನ್ನು ಕಡತಕ್ಕೆ ತಿರುಗಿಸಿದ ಕೂಡಲೇ ಯೂನಿಕೋಡ್‌ಎನ್‌ಕೋಡ್‌ಎರರ್ ಎಂದು ನಿಂತುಬಿಡುವುದುಂಟು, ಏಕೆಂದರೆ ಆಗ ಪೈಥಾನ್ ವಿಂಡೋಸ್‌ನ ಹಳೆಯ ಕೋಡ್ ಪೇಜ್‌ಗೆ ಮರಳುತ್ತದೆ. 3.7ರಿಂದ ಲಭ್ಯವಿರುವ ಪೈಥಾನ್‌ಯುಟಿಎಫ್8 ಎಂಬ ಪರಿಸರ ಚರಾಂಶಕ್ಕೆ 1 ಎಂದು ಕೊಟ್ಟರೆ ಇದು ಬಗೆಹರಿಯುತ್ತದೆ.

ಉತ್ತರ 1 ಬರೆದವರು

ಪದಗಳು ಸಿಗದಿರುವ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಅದನ್ನು ನಾನು ಎತ್ತಿಕೊಳ್ಳುತ್ತೇನೆ. ಕಡತದ ಮೊದಲ ಪದ ಮಾತ್ರ ಸಿಗುವುದಿಲ್ಲ ಎಂದರೆ ಕಡತದ ಆರಂಭದಲ್ಲಿಯೇ ಇಎಫ್, ಬಿಬಿ, ಬಿಎಫ್ ಎಂಬ ಮೂರು ಬೈಟ್‌ಗಳ ಬೈಟ್ ಆರ್ಡರ್ ಮಾರ್ಕ್ ಇದೆ ಎಂದೇ ತಿಳಿಯಬಹುದು. ಕಣ್ಣಿಗೆ ಕಾಣದ ಆ ಗುರುತು ಮೊದಲ ಪದಕ್ಕೆ ಅಂಟಿಕೊಂಡಿರುತ್ತದೆ. ಕಡತ ತೆರೆದೊಡನೆ ಈ ಮೂರು ಬೈಟ್‌ಗಳಿವೆಯೇ ಎಂದು ನೋಡಿ, ಇದ್ದರೆ ದಾಟಿ ಮುಂದಕ್ಕೆ ಓದಿರಿ.

‘ಸಾಫ್ಟ್‌ವೇರ್’ನಲ್ಲಿ ‘ಟ್’ ಮತ್ತು ‘ವೇ’ ನಡುವೆ, ವಕಾರ ಒತ್ತಾಗಿ ಇಳಿಯದಂತೆ ತಡೆಯಲು, 200ಸಿ ಎಂಬ ಅಗಲವಿಲ್ಲದ ಬೇರ್ಪಡಿಕೆ ಸಂಕೇತವಿರುತ್ತದೆ. ಬಳಕೆದಾರರ ಕೀಲಿಮಣೆ ವಿನ್ಯಾಸ ಅದನ್ನು ಹಾಕದಿದ್ದರೆ, ಅಥವಾ ಅವರೇ ಅದನ್ನು ಬಿಟ್ಟು ಟೈಪ್ ಮಾಡಿದರೆ, ಬೈಟ್‌ಗಳು ಹೊಂದುವುದಿಲ್ಲ. ಹೋಲಿಸುವ ಮುನ್ನ ಎರಡೂ ಕಡೆಯಿಂದ ಈ ಸಂಕೇತವನ್ನು ತೆಗೆದುಹಾಕಿರಿ, ತೋರಿಸುವಾಗ ಮಾತ್ರ ಕಡತದಲ್ಲಿ ಇದ್ದಂತೆಯೇ ತೋರಿಸಿರಿ. ಓಕಾರದಂಥ ಗುಣಿತಗಳಲ್ಲಿ ಇನ್ನೊಂದು ಬಗೆಯ ಭೇದವಿದೆ: ‘ಕೋ’ ಎಂಬುದನ್ನು ಓಕಾರದ ಒಂದೇ ಸಂಕೇತದಿಂದಲೂ ಬರೆಯಬಹುದು, ಎಕಾರ, ಊಕಾರ ಮತ್ತು ದೀರ್ಘದ ಗುರುತುಗಳನ್ನು ಬಿಡಿಬಿಡಿಯಾಗಿ ಜೋಡಿಸಿಯೂ ಬರೆಯಬಹುದು, ನೋಟದಲ್ಲಿ ಎರಡೂ ಒಂದೇ. ವಿಂಡೋಸ್‌ನ ನಾರ್ಮಲೈಸ್‌ಸ್ಟ್ರಿಂಗ್ ಫಂಕ್ಷನ್ ಬಳಸಿ ಎರಡೂ ಪಠ್ಯಗಳನ್ನು ಎನ್‌ಎಫ್‌ಸಿ ಎಂಬ ಒಂದೇ ಬಗೆಯ ಜೋಡಿಸಿದ ರೂಪಕ್ಕೆ ತಂದ ಮೇಲೆಯೇ ಹೋಲಿಕೆ ಮಾಡಿರಿ.

ಇಷ್ಟಾದ ಮೇಲೂ ಕಡತದ ಕೆಲವು ಸಾಲುಗಳು ಎಲ್ಲಿ ನೋಡಿದರೂ ಅರ್ಥವಾಗದ ರೋಮನ್ ಅಕ್ಷರಗಳಾಗಿಯೇ ಉಳಿದರೆ, ಆ ಸಾಲುಗಳು ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ದಾಖಲೆಯಿಂದ ಬಂದಿರಬಹುದು. ಅವು ಯೂನಿಕೋಡ್ ಅಲ್ಲವೇ ಅಲ್ಲ. ಪರಿವರ್ತಕದ ಮೂಲಕ ಮೊದಲು ಯೂನಿಕೋಡ್‌ಗೆ ತಂದು, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಾರೆ ಒಮ್ಮೆ ಪರಿಶೀಲಿಸಿ, ಆನಂತರ ಪದಗಳ ಕಡತಕ್ಕೆ ಸೇರಿಸಿರಿ.